ಬಿಸಿ ಮುಟ್ಟಿದ ಮುಹೂರ್ತ

೨೦೯೧ರ ಡಿಸೆಂಬರ್ ೫, ಬೆಳಗಿನ ೬ ಗಂಟೆ ೧೨ ನಿಮಿಷ. ಬೀದರಿನ ಮದುವೆಮಂಟಪದಲ್ಲಿ ಮುಹೂರ್ತ ಮೀರುತ್ತಿತ್ತು. ತಪ್ಪಿದರೆ ಮುಂದಿನದು ವೈಶಾಖಕ್ಕೆ. ಮನುಷ್ಯರ ರಕ್ತ ತಣ್ಣಗಾಗಿ ಎರಡು ತಲೆಮಾರು ಕಳೆದರೂ ಪಂಚಾಂಗ ಮಾತ್ರ ಬಿಸಿರಕ್ತದವರ ಕಾಲದ್ದೇ. ಮೈ ಕಾಯಿಸಲು ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಬೀಗರು ಹಲ್ಲಿಗಳಂತೆ ಗೋಡೆಗಂಟಿದ್ದರು. ಪುರೋಹಿತರು “ಮಾಂಗಲ್ಯಂ ತಂ...” ಎಂದಲ್ಲೇ ನಿಂತಿದ್ದರು. ಮದುಮಗ ಚನ್ನವೀರನ ಕೈಯಲ್ಲಿ ತಾಳಿಯಿತ್ತು, ಬೆರಳು ಮಡಚುತ್ತಿರಲಿಲ್ಲ.

ಮದುಮಗಳು ನಿಂಬೆವ್ವ ಮಾತ್ರ ಚುರುಕಾಗಿದ್ದಳು. ಬೈಸಿಕೊಂಡರೂ ಅಡುಗೆಯವರ ಒಲೆಯ ಮುಂದೆ ಕೂತೆದ್ದು ಬಂದಿದ್ದಳು.

“ಅತ್ತೀ, ನಿಮ್ಮ ಮಗಗ ಒಂಚೂರು ಬಿಸಿ ಮುಟ್ಟಸ್ಲೇನ್ರಿ?”

“ಲಗ್ನಕ್ಕ... ಮದ್ಲ...”

ನಿಂಬೆವ್ವ ಕಾಯಲಿಲ್ಲ. ಹಂಚಿನಿಂದಿಳಿದ ಎರಡು ಜೋಳದ ರೊಟ್ಟಿ ತಂದು ಅವನ ಕೈಗಳಿಗೆ ಸುತ್ತಿದಳು.

“...ಏನವಾ?” ಎಂದು ಅತ್ತೆ ಮುಗಿಸುವಷ್ಟರಲ್ಲಿ ಮೂರು ಗಂಟೂ ಬಿದ್ದಿದ್ದವು. ಮದುಮಗನ ಬೆರಳು ಮೂವತ್ತೊಂದು ಡಿಗ್ರಿ. ಅತ್ತೆಯ ನಾಲಿಗೆ ಹನ್ನೊಂದು.