ಕಡಿದ ಕಾಯಿ

ಅಂಗಡಿಯಲ್ಲಿ ಕುಳಿತ ಗಂಡ ದಿನವೂ ಮಧ್ಯಾಹ್ನವಿಡೀ ಮನೆಯಲ್ಲಿರುವ ಹೆಂಡತಿಯ ಜೊತೆ ಫೋನಿನಲ್ಲಿ ಚೌಕಾಬಾರ ಆಡುತ್ತಿದ್ದ. ಆಟದ ಮೇಲಿನ ಪ್ರೀತಿಯೇನಲ್ಲ. ಅವಳ ಫೋನಿಗೆ ಇಂಟರ್‌ನೆಟ್ ಸಿಗುತ್ತಿದ್ದುದು ಮನೆಯ ವೈಫೈಯಿಂದ ಮಾತ್ರ. ಅವಳ ಕಾಯಿ ನಡೆಯುತ್ತಿದ್ದರೆ ಅವಳು ಹೊಸ್ತಿಲು ದಾಟಿಲ್ಲವೆಂದು ಅವನಿಗೆ ಖಾತ್ರಿ. ತಡವಾದರೆ ಸಂಜೆ ಅಮ್ಮನ ಎದುರೇ ರಂಪ.

ಚೌಕಾಬಾರದಲ್ಲಿ ಎದುರಾಳಿಯ ಕಾಯಿಯನ್ನು ಒಮ್ಮೆಯಾದರೂ ಕಡಿಯದೆ ಒಳಮನೆ ಸೇರುವಂತಿಲ್ಲ. ಗಂಡನ ಕಾಯಿ ಕಡಿಯುವ ಧೈರ್ಯ ಹೆಂಡತಿಗಿರಲಿಲ್ಲ. ಹಾಗಾಗಿ ಗೆಲುವು ಯಾವಾಗಲೂ ಅವನದೇ.

ಇವತ್ತು ತೆರೆಯ ಮೇಲೆ ಕವಡೆ ಉರುಳಿ ಮೂರು ಬಿತ್ತು. ಮೂರನೇ ಮನೆಯಲ್ಲಿ ಅವನ ಕಾಯಿ ಕೂತಿತ್ತು. ಬೇರೆ ಕಾಯಿ ನಡೆಸಿದ್ದರೆ ದಿನ ತಣ್ಣಗೆ ಕಳೆದುಹೋಗುತ್ತಿತ್ತು. ಆದರೂ ಆಕೆ ಕಡಿದಳು.

ತಕ್ಷಣ ಮೆಸೇಜು ಬಂತು. "ನನ್ನ ಕಾಯೇ ಕಡೀತೀಯಾ? ಕೊಬ್ಬು ಜಾಸ್ತಿ ಆಯ್ತಾ?"

"ಆಟ ಅಂದ್ಮೇಲೆ ಕಡೀಲೇಬೇಕು" ಎಂದು ಆಕೆ ನಿಧಾನವಾಗಿ ಒತ್ತಿದಳು.

"ಓಹೋ! ಎದುರುತ್ತರ ಬೇರೆ. ಇರು, ಬಂದೆ. ಬಾಗ್ಲು ತೆಗಿ."

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಬೈಕಿನ ಸದ್ದು ಕೇಳಿಸಿತು. ಆಕೆ ಫೋನು ಕೆಳಗಿಡಲಿಲ್ಲ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಹೋಗಿ ಇನ್ನೊಂದರಲ್ಲಿ ಚಿಲಕ ತೆಗೆದಳು.

ಅವನು ಕೈ ಎತ್ತಿಕೊಂಡೇ ಒಳನುಗ್ಗಿದ.

"ಕೈ ಇಳಿಸೋ, ಕಡಿದಿದ್ದು ನಾನು, ನಿನ್ನಮ್ಮ! ನಿನ್ನ ಹೆಂಡ್ತಿ ಕೆಲಸದ ಇಂಟರ್‌ವ್ಯೂ ಮುಗಿಸ್ಕೊಂಡು ಬರೋವರೆಗೂ ನಾವಿಬ್ಬರೇ ಆಡೋಣ, ಕೂತ್ಕೋ."