ಅರ್ಧ ಹಳೇ ನೀರು

ಮೀನಿನ ತೊಟ್ಟಿಯ ನೀರು ತೆಗೆಯುವಾಗ ಬರುವ ಪಾಚಿಯ ವಾಸನೆಗೆ ನನಗೆ ಇವತ್ತಿಗೂ ರಬಕವಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಣ್ಣನ ಮದುವೆಯಾಗಿ ತಿಂಗಳೂ ಆಗಿರಲಿಲ್ಲ. ತವರಿನ ಶಾಂತಾ ಎಂಬ ಹೆಸರು ತೆಗೆದು ನಮ್ಮವರು ಅಣ್ಣನ ಹೆಂಡತಿಗೆ, ನನ್ನ ವೈನಿಗೆ, ಗಿರಿಜಾ ಎಂದು ಹೆಸರಿಟ್ಟಿದ್ದರು. ಹಾಗೆ ಕರೆದರೆ ಆಕೆ ತಡವಾಗಿ ತಿರುಗುತ್ತಿದ್ದಳು.

ಅಂದು ಗಾಜಿನ ತೊಟ್ಟಿಯ ನೀರು ಮಬ್ಬಾಗಿತ್ತು. ಅದನ್ನೆಲ್ಲ ಚೆಲ್ಲಿ ಹೊಸ ನೀರು ತುಂಬಲು ವೈನಿ ಕೊಡ ತಂದಳು.

"ಎಲ್ಲಾ ಚೆಲ್ಲಬ್ಯಾಡವಾ," ಅಪ್ಪ ಮಗ್ಗ ನಿಲ್ಲಿಸಿ ಅಂದ. "ಅರ್ಧ ಹಳೇ ನೀರು ಇರಲಿ. ಪೂರಾ ಹೊಸಾ ನೀರಾದ್ರ ಮೀನಿಗೆ ಒಗ್ಗಂಗಿಲ್ಲ."

ಪಕ್ಕದಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದ ಅವ್ವನ ಕೈ ಒಂದು ಗಳಿಗೆ ನಿಂತಿತು.

ಸಂಜೆ ಅಡುಗೆಮನೆಯಿಂದ ಅವ್ವ ಕೂಗಿದಳು. "ಶಾಂತಾ, ರೊಟ್ಟಿ ಬಡಿಯೂಣು ಬಾರವಾ."

ವೈನಿ ಒಂದೇ ಕೂಗಿಗೆ ಎದ್ದಳು.