ಸೈಕಲ್ ಬಂದ ಕಡೆ

"ತಪ್ಪು," ಎಂದಳು ಹೆಂಡತಿ. "ಸೈಕಲ್ ಆ ಕಡೆಯಿಂದ ಬರಲಿಲ್ಲ."

ಗಂಡ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈಕಲ್ಲನ್ನು ಕೆಳಗಿಟ್ಟ. ಊಟದ ಮೇಜಿನ ತುಂಬ ಆಟಿಕೆ ಇಟ್ಟಿಗೆಗಳಲ್ಲಿ ಕಟ್ಟಿದ ನಾಲ್ಕು ರಸ್ತೆಗಳ ಕೂಡುದಾರಿ ಹರಡಿಕೊಂಡಿತ್ತು. ಒಂದು ಬದಿ ಔಷಧಿ ಅಂಗಡಿ, ಇನ್ನೊಂದು ಬದಿ ಶಾಲೆಯ ಗೋಡೆ, ಮೂಲೆಯಲ್ಲಿ ದೀಪದ ಕಂಬ. ಹತ್ತು ದಿನಗಳಿಂದ ಗಂಡ ಹೆಂಡತಿ ತಟ್ಟೆ ಕೈಯಲ್ಲಿ ಹಿಡಿದು ನಿಂತೇ ಊಟ ಮಾಡುತ್ತಿದ್ದರು.

"ಔಷಧಿ ಅಂಗಡಿ ಕಡೆಯಿಂದ ಅಂತ ಪೊಲೀಸರಿಗೆ ಬರೆದುಕೊಟ್ಟಿದ್ದೀನಿ."

"ಬರೆದುಕೊಟ್ಟಿದ್ದೀರಿ. ಅವನು ಬಂದಿದ್ದು ಶಾಲೆ ಕಡೆಯಿಂದ."

ಮೂರು ವಾರದ ಹಿಂದೆ, ಭಾನುವಾರ ಮಧ್ಯಾಹ್ನ, ಇವರ ಕಾರು ಬೀಗ ರಿಪೇರಿಯವನೊಬ್ಬನ ಸೈಕಲ್ಲಿಗೆ ಗುದ್ದಿತ್ತು. ಅವನ ಕಾಲು ಎರಡು ಕಡೆ ಮುರಿಯಿತು. ತಲೆಗೂ ಪೆಟ್ಟು, ಆ ದಿನದ ನೆನಪೇ ಅಳಿಸಿಹೋಯಿತು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗಂಡ ಠಾಣೆಗೆ ಹೋಗಿ ಹೇಳಿಕೆ ಕೊಟ್ಟ: ಕಾರು ಓಡಿಸುತ್ತಿದ್ದವನು ನಾನು, ಸೈಕಲ್ಲಿನವನು ಔಷಧಿ ಅಂಗಡಿಯ ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿನಿಂದ ನುಗ್ಗಿದ. ಅದನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ. ತಪ್ಪು ಸೈಕಲ್ಲಿನವನದೇ ಎಂದಾಗುವುದಕ್ಕೆ ಇನ್ನು ತನಿಖಾಧಿಕಾರಿಯ ಒಂದು ಸಹಿ ಮಾತ್ರ ಬಾಕಿ.

ಹೆಂಡತಿ ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋಗಿದ್ದಳು. ಬೀಗದವನು ಮಲಗಿದಲ್ಲೇ ಕೈ ಮುಗಿದ.

"ನನ್ನದೇ ತಪ್ಪಿರಬೇಕು, ಅಕ್ಕ. ನನಗೇನೂ ನೆನಪಿಲ್ಲ. ದೊಡ್ಡವರು ಸುಳ್ಳು ಹೇಳ್ತಾರಾ? ಹೊಟ್ಟೆಗೆ ಹಾಕ್ಕೊಳ್ಳಿ."

ಪಕ್ಕದಲ್ಲಿದ್ದ ಅವನ ಹೆಂಡತಿ ಮಾತ್ರ ಗೋಡೆ ನೋಡುತ್ತ ಹೇಳಿದಳು: "ಮೂವತ್ತು ವರ್ಷದಲ್ಲಿ ಇವರು ಒಂದು ದಿನವೂ ಎದುರು ದಿಕ್ಕಲ್ಲಿ ಸೈಕಲ್ ತುಳಿದವರಲ್ಲ."

ಮನೆಗೆ ಬಂದವಳು ಅಟ್ಟದಿಂದ ಇಟ್ಟಿಗೆಗಳ ಡಬ್ಬಗಳನ್ನು ಇಳಿಸಿದಳು.

ಆಕೆಯ ಕಸುಬು ಕಟ್ಟುಹಲ್ಲು ಮಾಡುವುದು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬೆರಳಿಗೆ ತಿಳಿಯುತ್ತಿತ್ತು. ಬಿಡುವಿನಲ್ಲಿ ಆಟಿಕೆ ಇಟ್ಟಿಗೆಗಳಲ್ಲಿ ಕಿರುಚಿತ್ರ ಮಾಡುತ್ತಿದ್ದಳು: ಗೊಂಬೆಯನ್ನು ತುಸು ಸರಿಸಿ ಒಂದು ಫೋಟೋ, ಮತ್ತೆ ತುಸು ಸರಿಸಿ ಇನ್ನೊಂದು. ಹನ್ನೆರಡು ಫೋಟೋ ಸೇರಿದರೆ ಒಂದು ಸೆಕೆಂಡು. ಅಕ್ಕನ ಮಕ್ಕಳಿಗಾಗಿ ಮಾಡಿದ, ಚಂದ್ರನ ಮೇಲೆ ಚಪ್ಪಲಿ ಮರೆತು ಬಂದ ಗಗನಯಾತ್ರಿಯ ಚಿತ್ರ ಬಂಧುಬಳಗದಲ್ಲಿ ಹೆಸರಾಗಿತ್ತು. ಈಗ ಅಪಘಾತದ ಸರದಿ. ಟೇಪು ಹಿಡಿದು ಎರಡು ಸಲ ಆ ಜಾಗಕ್ಕೆ ಹೋಗಿ ರಸ್ತೆಯ ಅಗಲ, ಕಂಬದ ದೂರ ಎಲ್ಲವನ್ನೂ ಅಳೆದು ತಂದಿದ್ದಳು. ಚಿತ್ರ ನೋಡಲು ತನಿಖಾಧಿಕಾರಿ ಒಪ್ಪಿದ್ದರು.

"ಬೀಗದವನ ಪೆಟ್ಟಿಗೆ ಎಲ್ಲಿ ಬಿತ್ತು?" ಎಂದು ಕೇಳಿದಳು.

"ರಸ್ತೇಲಿ," ಎಂದ ಗಂಡ.

"ರಸ್ತೆ ದೊಡ್ಡದಿದೆ."

ಅವನು ಕತ್ತು ಕೆರೆದುಕೊಂಡ. ಅವಳು ಪುಟ್ಟ ಪೆಟ್ಟಿಗೆಯನ್ನು ತಾನೇ ಕಂಬದ ಬುಡದಲ್ಲಿ ಇಟ್ಟಳು. ಬಾಯಿ ತೆರೆದು, ಕೀಲಿಕೈಗಳು ಚರಂಡಿಯ ಕಡೆ ಚೆಲ್ಲಿದಂತೆ.

"ಗುದ್ದಿದ ಮೇಲೆ ಕಾರು ಎಷ್ಟು ದೂರ ಹೋಗಿ ನಿಂತಿತು?"

"ಸ್ವಲ್ಪ."

"ಸ್ವಲ್ಪಕ್ಕೆ ಎಷ್ಟು ಫೋಟೋ ತೆಗೀಲಿ?"

ಕ್ಯಾಮೆರಾದ ಗುಂಡಿ ಒತ್ತುವುದು ಅವನ ಕೆಲಸ, ಒತ್ತಿದ. ಅವಳು ಕಾರನ್ನು ಸರಿಸಿದಳು. ಮತ್ತೆ ಒತ್ತಿದ. ಗುದ್ದುವ ಚಿತ್ರ ಬಂದಾಗ ಅವನು ಕಿಟಕಿಯ ಕಡೆ ಮುಖ ತಿರುಗಿಸಿ ಒತ್ತಿದ.

"ನೀನು ಯಾರ ಕಡೆ?" ಎಂದ ಕೊನೆಗೆ.

"ಸೈಕಲ್ ಬಂದ ಕಡೆ."

ಹದಿನಾರು ಸೆಕೆಂಡಿನ ಚಿತ್ರ ಬುಧವಾರ ಸಂಜೆ ಮುಗಿಯಿತು. ಅವಳು ಕೈ ತೊಳೆದುಕೊಂಡು ಬಂದು, ಬಟ್ಟೆ ಒಗೆಯುವ ಮೆಷಿನ್ನಿನ ಗುಂಡಿಗಳು ಯಾವುವೆಂದು ಗಂಡನಿಗೆ ಎರಡು ಬಾರಿ ತೋರಿಸಿದಳು. ಅವನು ಎರಡು ಬಾರಿಯೂ ತಲೆಯಾಡಿಸಿದ.

ಗುರುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಅವನು ಹೇಳಿದ: "ಇನ್ನೂ ಹೊತ್ತು ಮೀರಿಲ್ಲ. ಇದನ್ನ ತೋರಿಸಿದ್ರೆ ಈ ಮನೆಯವರೊಬ್ಬರು ಕಟಕಟೆ ಹತ್ತೋದು ಖಂಡಿತ."

"ಗೊತ್ತು. ಬನ್ನಿ."

ತನಿಖಾಧಿಕಾರಿ ಚಿತ್ರವನ್ನು ಮೂರು ಸಲ ನೋಡಿದರು. ಅದಕ್ಕೆ ಸದ್ದಿರಲಿಲ್ಲ. ಶಾಲೆಯ ಕಡೆಯಿಂದ ಸೈಕಲ್ ತನ್ನ ಪಾಡಿಗೆ ತಾನು ಬಂತು. ಕಾರು ನಿಲುಗಡೆಯ ಗೆರೆ ದಾಟಿ ಬಂತು. ಸೈಕಲ್ಲಿನವನ ಗೊಂಬೆ ಉರುಳಿತು. ಪೆಟ್ಟಿಗೆ ಕಂಬಕ್ಕೆ ಬಡಿದು ಬಾಯಿ ತೆರೆಯಿತು.

"ಕೀಲಿಕೈಗಳನ್ನ ನಾವು ಚರಂಡಿಯಲ್ಲೇ ಹೆಕ್ಕಿದ್ದು," ಎಂದರು ಅಧಿಕಾರಿ. ಆಮೇಲೆ ಗಂಡನ ಕಡೆ ತಿರುಗಿದರು. "ನಿಮ್ಮ ಹೇಳಿಕೆಗೂ ಇದಕ್ಕೂ ಅಜಗಜಾಂತರ ಇದೆಯಲ್ರೀ."

"ಮಕ್ಕಳಾಟಿಕೆ ಸಾರ್. ಅವಳಿಗೆ ಇದೊಂದು ಹುಚ್ಚು. ನನ್ನ ಹೇಳಿಕೆಯನ್ನೇ ಇಟ್ಕೊಳ್ಳಿ."

"ಗೆರೆಯಿಂದ ಸೈಕಲ್‌ವರೆಗೆ ಬ್ರೇಕೇ ಬಿದ್ದಿಲ್ಲ. ರಸ್ತೆ ಮೇಲೂ ಬ್ರೇಕಿನ ಗುರುತಿರಲಿಲ್ಲ. ಯಾಕೆ?"

ಗಂಡ ಕರವಸ್ತ್ರ ತೆಗೆದ. ಬೆವರು ಒರೆಸಿಕೊಂಡ.

"ಫೋನು ಕಾಲಬುಡಕ್ಕೆ ಬಿದ್ದಿತ್ತು. ಅದನ್ನ ಹುಡುಕೋಕೆ ಬಗ್ಗಿದ್ದು," ಎಂದಳು ಹೆಂಡತಿ.

ಅಧಿಕಾರಿ ಪೆನ್ನು ತೆಗೆದರು. ಗಂಡನನ್ನೇ ದಿಟ್ಟಿಸಿದರು. "ಹೌದೇನ್ರೀ? ಬಗ್ಗಿದ್ರಾ?"

"ಅವರನ್ನ ಕೇಳಬೇಡಿ ಸಾರ್," ಎಂದಳು ಅವಳು. "ಬಗ್ಗಿದ್ದು ನಾನು. ಅವತ್ತು ಮಧ್ಯಾಹ್ನ ಅವರು ಮನೇಲಿ ನಿದ್ದೆ ಮಾಡ್ತಿದ್ರು."